ಹಸಿವು ಮತ್ತು ಅಂಜಿಕೆ

ಕೇಳುಗರಿಗೆ ನಮಸ್ಕಾರ, ಸಲಾಂ.

ಹೊಸ ತೊಗರಿ ಬರುವ ಕಾಲಕ್ಕೆ ಕಲಬುರಗಿಯ ಗಂಜ್, ಅಂದರೆ ಕಾಳಿನ ಮಾರುಕಟ್ಟೆ, ನೋಡಬೇಕು. ಎಲ್ಲಿ ನೋಡಿದರೂ ಚೀಲ, ದೂಳು, ಟಂಟಂ ಸಾಲು. ನಮ್ಮ ಅಬ್ಬಾ ಅಲ್ಲಿ ಹಮಾಲಿ ಮಾಡುತ್ತಿದ್ದರು. ನಾನು ಹುಡುಗ. ಮಧ್ಯಾಹ್ನ ಅವರಿಗೆ ಬುತ್ತಿ ಒಯ್ಯುತ್ತಿದ್ದೆ. ಒಂದು ದಿನ ಒಂದು ಅಂಗಡಿ ಮುಂದೆ ತೂಕ ನಡೆದಿತ್ತು. ಕಸ ಇದೆ, ಕಾಳು ಹಸಿ ಇದೆ ಅಂತ ಚೀಲಕ್ಕೆ ಇಷ್ಟು ಅಂತ ಮುರಿದುಕೊಳ್ಳುತ್ತಿದ್ದರು. ರೈತ ಟೋಪಿ ತೆಗೆದು ತಲೆ ಕೆರೆದುಕೊಂಡ. ಏನೂ ಅನ್ನಲಿಲ್ಲ. ಸಂಜೆ ಮನೆಗೆ ಬರುವ ದಾರಿಯಲ್ಲಿ ಅಬ್ಬಾ ಅರಬ್ಬಿಯ ಒಂದು ಸಾಲು ಅಂದರು. ‘ವೈಲುಲ್ಲಿಲ್ ಮುತಫ್ಫಿಫೀನ್.’ ಹಾಗಂದರೇನು ಅಂತ ಕೇಳಿದೆ. ‘ತೂಕದಲ್ಲಿ ಕಡಿಮೆ ಕೊಡುವವರಿಗೆ ಕೇಡು ತಪ್ಪಿದ್ದಲ್ಲ ಮಗಾ’ ಅಂದರು. ಅಬ್ಬಾಗೆ ಓದು ಬರುತ್ತಿರಲಿಲ್ಲ. ಮಸೀದಿಯಲ್ಲಿ ಕೇಳಿ ಕೇಳಿ ಕಲಿತದ್ದು.

ಅದು ಕುರಾನಿನ 83ನೇ ಅಧ್ಯಾಯ. ತಾನು ಅಳೆದು ತಗೊಳ್ಳುವಾಗ ಪೂರಾ ತಗೊಳ್ಳುವುದು, ಇನ್ನೊಬ್ಬರಿಗೆ ಅಳೆದು ಕೊಡುವಾಗ ಕಡಿಮೆ ಕೊಡುವುದು. ಇಂಥವರನ್ನು ಕುರಿತು ಒಂದು ಅಧ್ಯಾಯವೇ ಶುರುವಾಗುತ್ತದೆ. ಇಸ್ಲಾಂ ಮತ್ತು ಶಾಂತಿ ಅಂತ ಮಾತಾಡಲು ಕರೆದಾಗ ನನಗೆ ಮೊದಲು ನೆನಪಾದದ್ದು ಆ ತಕ್ಕಡಿಯೇ.

ಕುರಾನಿನಲ್ಲಿ ನಾಲ್ಕೇ ಸಾಲಿನ ಇನ್ನೊಂದು ಚಿಕ್ಕ ಅಧ್ಯಾಯ ಇದೆ. ಹೆಸರು ಕುರೈಶ್, ಮಕ್ಕಾದ ಒಂದು ಬುಡಕಟ್ಟಿನ ಹೆಸರು ಅದು. ಮಕ್ಕಾ ಕಲ್ಲುಗುಡ್ಡಗಳ ನಡುವಿನ ಊರು. ಅಲ್ಲಿ ಬೆಳೆ ಇಲ್ಲ. ಚಳಿಗಾಲಕ್ಕೆ ಒಂದು ಕಡೆ, ಬೇಸಿಗೆಗೆ ಇನ್ನೊಂದು ಕಡೆ ಒಂಟೆಗಳ ಮೇಲೆ ಸರಕು ಹೇರಿಕೊಂಡು ಹೋಗಿ ಬಂದರೆ ಹೊಟ್ಟೆ ತುಂಬುತ್ತಿತ್ತು. ಆ ಜನರಿಗೆ ದೇವರು ತನ್ನ ಗುರುತನ್ನು ಹೀಗೆ ಹೇಳುತ್ತಾನೆ: ಹಸಿದಾಗ ಉಣ್ಣಲು ಕೊಟ್ಟವನು, ಅಂಜಿಕೆಯಿಂದ ಕಾಪಾಡಿದವನು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ನೋಡಿ.

ಇದು ಅರ್ಥವಾಗಬೇಕಾದರೆ ದೊಡ್ಡ ಪಂಡಿತರೇನೂ ಬೇಡ. ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಹೊತ್ತು ಕೂತರೆ ಸಾಕು. ಪುಣೆಗೋ ಬೆಂಗಳೂರಿಗೋ ಗುಳೆ ಹೋಗುವವರು ಗಂಟು ಕಟ್ಟಿಕೊಂಡು ಕೂತಿರುತ್ತಾರೆ. ಅವರ ಗಂಟಿನಲ್ಲಿ ರೊಟ್ಟಿ ಇರುತ್ತದೆ. ಅವತ್ತಿನ ಹಸಿವಿಗೆ ಅದು ಆಯಿತು. ಆದರೆ ಮನೆಯಲ್ಲಿ ಬಿಟ್ಟು ಬಂದ ಮುದುಕಿಯನ್ನು ಯಾರು ನೋಡುತ್ತಾರೆ, ಗುತ್ತಿಗೆದಾರ ಪಗಾರ ಕೊಡುತ್ತಾನೋ ಇಲ್ಲವೋ, ಸಾಲದವನು ಬಾಗಿಲಿಗೆ ಬಂದರೆ ಏನು ಗತಿ? ಈ ಅಂಜಿಕೆಗೆ ಯಾವ ರೊಟ್ಟಿ ಕಟ್ಟುತ್ತೀರಿ?

ಈಗ ಜಕಾತ್ ವಿಷಯಕ್ಕೆ, ಅಂದರೆ ಉಳ್ಳ ಮುಸ್ಲಿಮರು ವರ್ಷಕ್ಕೊಮ್ಮೆ ಕೊಡಲೇಬೇಕಾದ ಪಾಲಿನ ವಿಷಯಕ್ಕೆ ಬರುತ್ತೇನೆ. ಅದನ್ನು ಜನ ಸಾಮಾನ್ಯವಾಗಿ ದಾನ ಅನ್ನುತ್ತಾರೆ. ನನಗೆ ಆ ಮಾತು ಸರಿ ಕಾಣುವುದಿಲ್ಲ. ಉಳ್ಳವರ ಹಣದಲ್ಲಿ ಬೇಡುವವನಿಗೂ, ಬೇಡದೆ ಸುಮ್ನೆ ಕೊರಗುವವನಿಗೂ ಗೊತ್ತಾದ ಒಂದು ಹಕ್ಕಿದೆ ಅಂತ ಕುರಾನ್ ಹೇಳುತ್ತದೆ. ಹಕ್ಕು ಅಂದ ಮೇಲೆ ಕೊಡುವವನು ಎದೆಯುಬ್ಬಿಸಲಿಕ್ಕೆ ಏನೂ ಉಳಿಯಲಿಲ್ಲ ಅಲ್ವಾ?

ಲೆಕ್ಕ ಸರಳ. ಏಳೂವರೆ ತೊಲೆ ಬಂಗಾರ, ಇಲ್ಲವೇ ಐವತ್ತೆರಡೂವರೆ ತೊಲೆ ಬೆಳ್ಳಿಯ ಬೆಲೆಯಷ್ಟು ಆಸ್ತಿ, ಖರ್ಚು ಕಳೆದು ಒಂದು ಚಾಂದ್ರ ವರ್ಷ ಕೈಯಲ್ಲಿ ಉಳಿದಿದ್ದರೆ ಅದರಲ್ಲಿ ನಲವತ್ತನೇ ಒಂದು ಪಾಲು ಕೊಡಬೇಕು. ಲಕ್ಷಕ್ಕೆ 2,500 ರೂಪಾಯಿ. ಇದು ಗಳಿಕೆಯ ಮೇಲಲ್ಲ, ಉಳಿಕೆಯ ಮೇಲೆ. ಹಣವನ್ನು ಸುಮ್ನೆ ಗಂಟು ಕಟ್ಟಿ ಇಟ್ಟರೆ ವರ್ಷ ವರ್ಷ ಕರಗುತ್ತಾ ಹೋಗುತ್ತದೆ. ಹಾಗಾಗಿ ವ್ಯಾಪಾರಕ್ಕೆ ಹಾಕು, ನಾಲ್ಕು ಜನರ ಕೈಗೆ ಹೋಗಲಿ ಅಂತ ಒತ್ತಾಯ. ಸಂಪತ್ತು ಉಳ್ಳವರ ನಡುವೆಯೇ ಸುತ್ತುತ್ತಾ ಇರಬಾರದು ಅನ್ನುವ ಮಾತು 59ನೇ ಅಧ್ಯಾಯದಲ್ಲಿದೆ.

ಒಕ್ಕಲುತನಕ್ಕೆ ಬೇರೆ ಲೆಕ್ಕ. ಅದರ ಹೆಸರು ಉಶ್ರ್. ಮಳೆ ನೀರಿಗೆ ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲು. ನೀರೆತ್ತಿ ಹಾಯಿಸಿ ಬೆಳೆದದ್ದರಲ್ಲಿ ಇಪ್ಪತ್ತನೇ ಒಂದು ಪಾಲು. ಮೈಮುರಿದು ದುಡಿದು, ಖರ್ಚು ಜಾಸ್ತಿ ಹಾಕಿದವನ ಹೊರೆ ಅರ್ಧಕ್ಕೆ ಇಳಿಯಿತು. ಆಳಂದದ ಒಣಬೇಸಾಯದ ಗೆಳೆಯನೊಬ್ಬ ಇದನ್ನು ಕೇಳಿ ನಕ್ಕ. ‘ನಮ್ಮಲ್ಲಿ ಮಳೆಯೇ ಬರಲ್ಲ, ಹತ್ತನೇ ಪಾಲು ಎಲ್ಲಿಂದ ತರಲಿ?’ ಅಂದ. ಬೆಳೆ ಕೈಗೆ ಬಂದರೆ ಮಾತ್ರ ಪಾಲು ಮಾರಾಯ, ಬರದಿದ್ದರೆ ನಿನ್ನ ಹೆಸರೇ ಪಡೆಯುವವರ ಪಟ್ಟಿಗೆ ಸೇರಬಹುದು ಅಂದೆ.

ಆ ಪಟ್ಟಿಯಲ್ಲಿ ಎಂಟು ಬಗೆಯ ಜನರಿದ್ದಾರೆ. ಎಲ್ಲವನ್ನೂ ಹೇಳುತ್ತಾ ಹೋಗುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ, ಯಾಕೆಂದರೆ ನಮ್ಮವರು ಅದನ್ನು ಮರೆತೇ ಬಿಟ್ಟಿದ್ದಾರೆ. ಅದು ಸಾಲದಲ್ಲಿ ಮುಳುಗಿದವರು.

ನಮ್ಮ ಹಳ್ಳಿಗಳಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ಸಾದಾ ಮಾತು. ತಿಂಗಳಿಗೆ ಮೂರು. ವರ್ಷಕ್ಕೆ ಮೂವತ್ತಾರು. ಹತ್ತು ಸಾವಿರ ತಂದವನು ವರ್ಷದ ಕೊನೆಗೆ 3,600 ಕಟ್ಟಿರುತ್ತಾನೆ, ಹತ್ತು ಸಾವಿರ ಹಾಗೇ ನಿಂತಿರುತ್ತದೆ. ಸಾಲ ವಸೂಲಿಯ ಕಿರುಕುಳ ಎಷ್ಟು ಹೆಚ್ಚಿತು ಅಂದರೆ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕುರಾನ್ ವ್ಯಾಪಾರಕ್ಕೆ ಒಪ್ಪಿಗೆ ಕೊಟ್ಟು ಬಡ್ಡಿಗೆ ಬಾಗಿಲು ಹಾಕಿದೆ. ಅದೇ ಜಾಗದಲ್ಲಿ ಇನ್ನೊಂದು ಮಾತಿದೆ. ಸಾಲಗಾರ ಕಷ್ಟದಲ್ಲಿದ್ದರೆ ಅವನ ಹೊರೆ ಹಗುರಾಗುವ ತನಕ ತಾಳು, ಬಿಟ್ಟೇ ಕೊಟ್ಟರೆ ನಿನಗೆ ಇನ್ನೂ ಒಳ್ಳೆಯದು. ಇಡೀ ಕುರಾನಿನ ಅತಿ ಉದ್ದದ ವಚನ ಯಾವುದರ ಬಗ್ಗೆ ಗೊತ್ತೇ? ನಮಾಜಿನ ಬಗ್ಗೆ ಅಲ್ಲ, ರೋಜಾ ಅನ್ನುವ ಉಪವಾಸದ ಬಗ್ಗೆಯೂ ಅಲ್ಲ. ಸಾಲ ಕೊಡು ಕೊಳ್ಳುವಾಗ ಬರೆದಿಡಿ, ಸಾಕ್ಷಿ ಹಾಕಿಸಿ, ಬರೆಯುವವನು ನ್ಯಾಯವಾಗಿ ಬರೆಯಲಿ ಅನ್ನುವುದರ ಬಗ್ಗೆ. ಸಾಲದ ಜಗಳ ಎಲ್ಲಿಗೆ ಮುಟ್ಟುತ್ತದೆ ಅಂತ ಗೊತ್ತಿದ್ದೇ ಹೇಳಿದ ಮಾತು.

ಇಲ್ಲಿ ನಮ್ಮವರ ಮೇಲೆ ನನಗೊಂದು ಸಿಟ್ಟಿದೆ. ರಂಜಾನ್ ಬಂದರೆ ಕೆಲವು ಗೇಟುಗಳ ಮುಂದೆ ಸಾಲು ನಿಲ್ಲುತ್ತದೆ. ಒಬ್ಬೊಬ್ಬರ ಕೈಗೆ ನೂರು ರೂಪಾಯಿ, ಒಂದು ಸೀರೆ, ಮೇಲೆ ಒಂದು ಫೋಟೊ. ಬರುವ ವರ್ಷ ಅದೇ ಹೆಂಗಸರು, ಅದೇ ಸಾಲು. ಕೊಡುವುದಾದರೆ ಅವನು ಮತ್ತೆ ಕೈಚಾಚದಷ್ಟು ಕೊಡಿ ಅಂತ ಪ್ರವಾದಿಗಳ ನಂತರ ಎರಡನೆಯವರಾಗಿ ರಾಜ್ಯ ನಡೆಸಿದ ಖಲೀಫ ಉಮರ್ ಹೇಳಿದ್ದರಂತೆ. ಹತ್ತು ಮನೆಯವರು ಕೂಡಿ ಒಂದೇ ಮನೆಯ ಸಾಲ ತೀರಿಸಿದರೆ, ಇಲ್ಲವೇ ಒಬ್ಬಳಿಗೆ ಹೊಲಿಗೆ ಮಷಿನ್ ಕೊಡಿಸಿದರೆ ಬರುವ ವರ್ಷ ಆ ಸಾಲಿನಲ್ಲಿ ಒಂದು ತಲೆ ಕಡಿಮೆ ಆಗುತ್ತದೆ. ಫೋಟೊ ಮಾತ್ರ ಅಷ್ಟು ಚೆನ್ನಾಗಿ ಬರುವುದಿಲ್ಲ, ನಿಜ.

ಉಮರ್ ಅಂದೆನಲ್ಲ, ಅವರ ಕಾಲದಲ್ಲಿ, ಹಿಜರಿ 18ರಲ್ಲಿ, ಅಂದರೆ ಕ್ರಿ.ಶ. 639ರ ಸುಮಾರಿಗೆ, ಅರೇಬಿಯಾಕ್ಕೆ ದೊಡ್ಡ ಬರ ಬಿತ್ತು. ಜನರಿಗೆ ತುಪ್ಪ ಸಿಗುವ ತನಕ ತಾನೂ ತುಪ್ಪ ಮುಟ್ಟುವುದಿಲ್ಲ ಅಂದವರು ಎಣ್ಣೆಯಲ್ಲೇ ರೊಟ್ಟಿ ತಿಂದರು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಆ ಬರಗಾಲದಲ್ಲಿ ಕಳ್ಳತನದ ಶಿಕ್ಷೆಯನ್ನು ಅವರು ತಡೆಹಿಡಿದರು. ಹೊಟ್ಟೆಗಿಲ್ಲದೆ ಕದ್ದವನ ಮೇಲೆ ಶಿಕ್ಷೆ ಹೇರುವುದು ನ್ಯಾಯ ಆಗುವುದಿಲ್ಲ ಅನ್ನುವ ತಿಳಿವಳಿಕೆ ಅದು. ಊರಲ್ಲಿ ಕಳ್ಳತನ ಜಾಸ್ತಿ ಆಯಿತು ಅಂದರೆ ನಾವು ಪೊಲೀಸ್ ಬೀಟ್ ಹೆಚ್ಚಿಸಿ ಅನ್ನುತ್ತೇವೆ. ಉಮರ್ ಮೊದಲು ಕಣಜ ನೋಡಿದರು.

ಅವರದೇ ಇನ್ನೊಂದು ಪ್ರಸಂಗವನ್ನು ಬಗ್ದಾದಿನ ಖಾಜಿ ಅಬೂ ಯೂಸುಫ್ ಬರೆದಿಟ್ಟಿದ್ದಾರೆ. ಯಹೂದಿ ಮುದುಕನೊಬ್ಬ, ಕಣ್ಣು ಕಾಣದವನು, ಬಾಗಿಲಿಂದ ಬಾಗಿಲಿಗೆ ಬೇಡುತ್ತಿದ್ದ. ಉಮರ್ ಅವನನ್ನು ಮನೆಗೆ ಕರೆದೊಯ್ದು ಕೈಲಾದದ್ದು ಕೊಟ್ಟರು. ಆಮೇಲೆ ಖಜಾನೆಯವನಿಗೆ ಹೇಳಿ ಕಳಿಸಿದರು: ಹರೆಯದಲ್ಲಿ ಇವನಿಂದ ತೆರಿಗೆ ತಿಂದೆವು, ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲ. ಅವನ ತೆರಿಗೆ ಮನ್ನಾ ಆಯಿತು. ಜಕಾತ್ ಯಾರಿಗೆ ಸಲ್ಲಬೇಕು ಅನ್ನುವುದಕ್ಕೆ ಶಾಸ್ತ್ರದವರ ನಿಯಮಗಳಿವೆ. ಮನಸ್ಸು ಬಂದಂತೆ ಕೊಡುವ ಸದಕಾ ಅನ್ನುವ ಕೊಡುಗೆಗೆ ಮಾತ್ರ ಜಾತಿ ಧರ್ಮದ ಗೆರೆ ಇಲ್ಲ.

ನಮ್ಮ ನೆಲಕ್ಕೆ ಇದು ಹೊಸ ಮಾತೇನೂ ಅಲ್ಲ. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್, ಬಹಮನಿ ರಾಜ್ಯದ ದೊಡ್ಡ ಮಂತ್ರಿ. ತನ್ನ ಊಟ ಬಟ್ಟೆಗೆ ಸ್ವಂತ ವ್ಯಾಪಾರದ ಲಾಭ ಮಾತ್ರ ಬಳಸುತ್ತಿದ್ದ, ಜಹಗೀರಿನ ಹಣದಲ್ಲಿ ಉಳಿದದ್ದು ಬಡವರಿಗೆ ಹೋಗುತ್ತಿತ್ತು ಅಂತ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. 1481ರಲ್ಲಿ ಸುಲ್ತಾನ ಅವನನ್ನು ಕೊಲ್ಲಿಸಿ ಖಜಾನೆ ತೆಗೆಸಿದರೆ ಅಲ್ಲಿ ಸಿಕ್ಕಿದ್ದು ಅಷ್ಟಕ್ಕಷ್ಟೇ. ಅದೇ ಜಿಲ್ಲೆಯ ಕಲ್ಯಾಣದಲ್ಲಿ, ಅವನಿಗಿಂತ ಮುನ್ನೂರು ವರ್ಷ ಮೊದಲು, ಆಯ್ದಕ್ಕಿ ಲಕ್ಕಮ್ಮ ಗಂಡ ತಂದ ಹೆಚ್ಚಿನ ಅಕ್ಕಿಯನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಇತ್ತ ಕಲಬುರಗಿಯಲ್ಲಿ ಶರಣಬಸವೇಶ್ವರರ ದಾಸೋಹ. ಹೊಲದ ಕಾಳು ತಿನ್ನಲು ಬಂದ ಹಕ್ಕಿಗಳನ್ನೂ ಓಡಿಸದ ರೈತ ಅವರು.

ಕೂಲಿಯವನ ಬೆವರು ಆರುವ ಮೊದಲೇ ಅವನ ಕೂಲಿ ಕೊಡಿ ಅಂತ ಪ್ರವಾದಿಗಳ ಮಾತೊಂದಿದೆ. ಅಬ್ಬಾ ಇದನ್ನು ನಗುತ್ತಾ ಹೇಳುತ್ತಿದ್ದರು, ಯಾಕೆಂದರೆ ಅವರ ಹಮಾಲಿ ಕೈಗೆ ಬರುವಷ್ಟರಲ್ಲಿ ಬೆವರು ಎರಡು ವಾರ ಹಳೆಯದಾಗಿರುತ್ತಿತ್ತು. ಆ ದಿನಗಳಲ್ಲಿ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೇ ನಮ್ಮನ್ನು ಸಾಕಿತು.

107ನೇ ಅಧ್ಯಾಯದ ಹೆಸರು ಮಾಊನ್. ಅನಾಥನನ್ನು ನೂಕುವವನು, ಬಡವನಿಗೆ ಉಣಿಸಿ ಅಂತ ಹೇಳದವನು ಧರ್ಮವನ್ನೇ ಸುಳ್ಳೆಂದವನು ಅನ್ನುತ್ತದೆ. ಮಾಊನ್ ಅಂದರೆ ನೆರೆಯವರು ಕೇಳಿ ಒಯ್ಯುವ ಸಣ್ಣ ಸಾಮಾನು. ಕೊಡ, ಕೊಡಲಿ, ಗಡಿಗೆ. ಅದನ್ನು ಕೊಡಲು ಹಿಂದೆಗೆಯುವುದೂ ಅಲ್ಲಿ ದೊಡ್ಡ ತಪ್ಪು.

ನಮ್ಮ ಮನೆಯಲ್ಲಿ ಬೀಸುವ ಕಲ್ಲು ಇರಲಿಲ್ಲ. ಪಕ್ಕದ ಲಿಂಗಾಯತರ ಮನೆಯ ಪಡಸಾಲೆಯಲ್ಲಿ ಒಂದಿತ್ತು. ಗಂಜಿನಲ್ಲಿ ಚೆಲ್ಲಿದ ತೊಗರಿಯನ್ನು ಅಬ್ಬಾ ಕೇಳಿ ತರುತ್ತಿದ್ದರು. ಅಮ್ಮಿ ಅಲ್ಲಿ ಕೂತು ಬೇಳೆ ಒಡೆಯುತ್ತಿದ್ದರು. ಆ ಮನೆಯ ಅವ್ವ ಎದುರಿಗೆ ಕೂತು ಗೂಟಕ್ಕೆ ಇನ್ನೊಂದು ಕೈ ಹಾಕುತ್ತಿದ್ದಳು. ಬಾಡಿಗೆ ಅಂತ ಯಾರೂ ಕೇಳಲಿಲ್ಲ, ಉಪಕಾರ ಅಂತ ಯಾರೂ ಹೇಳಲಿಲ್ಲ. ಬೀಸಿ ಮುಗಿದ ಮೇಲೆ ಕಲ್ಲಿನ ಸುತ್ತ ಬಿದ್ದ ಹೊಟ್ಟು ನುಚ್ಚನ್ನು ಅಮ್ಮಿ ಗುಡಿಸಿ ಅಲ್ಲೇ ಮೊರದಲ್ಲಿ ಬಿಟ್ಟು ಬರುತ್ತಿದ್ದರು. ಅದು ಅವರ ಆಕಳಿನ ಪಾಲು.

ನಮಸ್ಕಾರ.