ಮಾತೇ ಇಲ್ಲದ ಕಾನ್ವರ್ಸೇಷನ್

ಕೇಳುಗರಿಗೆ ನಮಸ್ಕಾರ.

'ಕಾನ್ವರ್ಸೇಷನ್' ಅಂದರೆ ಮಾತುಕತೆ. ಸ್ಪೋಕನ್ ಇಂಗ್ಲಿಷ್ ಕಲಿಯಲು ಹೋದವರಿಗೆಲ್ಲ ಗೊತ್ತು. ಆದರೆ ಈ ಪದ ಹುಟ್ಟಿದಾಗ ಅದರಲ್ಲಿ ಮಾತೇ ಇರಲಿಲ್ಲ!

ಇದರ ಬೇರು ಲ್ಯಾಟಿನ್ನಿನಲ್ಲಿದೆ. 'ತಿರುಗು' ಅನ್ನುವ ಕ್ರಿಯಾಪದಕ್ಕೆ 'ಜೊತೆಗೆ' ಅನ್ನುವ 'ಕಾನ್' ಸೇರಿತು. ಯಾರ ಜೊತೆ ತಿರುಗುತ್ತೀರಿ, ಯಾರ ನಡುವೆ ಬಾಳುತ್ತೀರಿ ಅನ್ನುವುದೇ ಕಾನ್ವರ್ಸೇಷನ್. ನಮ್ಮ 'ಒಡನಾಟ' ಇದ್ದ ಹಾಗೆ. 14ನೇ ಶತಮಾನದಲ್ಲಿ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಒಡನಾಟದಿಂದ ನಡತೆ ಅನ್ನುವ ಅರ್ಥವೂ ಬಂತು. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ, ನಿಮ್ಮ ಕಾನ್ವರ್ಸೇಷನ್‌ನಲ್ಲಿ ದುರಾಸೆ ಬೇಡ ಅನ್ನುವ ಮಾತಿದೆ. ಮಾತಾಡುವಾಗ ಮಾತ್ರ ಆಸೆ ಬಚ್ಚಿಟ್ಟರೆ ಸಾಕು ಅಂತಲ್ಲ, ಬದುಕೇ ಹಾಗಿರಲಿ ಅಂತ. ಮಾತುಕತೆ ಅನ್ನುವ ಅರ್ಥ ಕಾಣಿಸಿಕೊಂಡದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ.

ಒಡನಾಟ ಅತಿಯಾದರೆ? ಅದಕ್ಕೂ ಇದೇ ಪದ. ಇಂಗ್ಲೆಂಡಿನ ಕೋರ್ಟುಗಳಲ್ಲಿ 'ಕ್ರಿಮಿನಲ್ ಕಾನ್ವರ್ಸೇಷನ್' ಅನ್ನುವ ದಾವೆ ಇತ್ತು. ಕೆಟ್ಟ ಮಾತು ಆಡಿದ ಕೇಸಲ್ಲ, ವ್ಯಭಿಚಾರದ ಕೇಸು. ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡವನಿಂದ ಗಂಡ ದುಡ್ಡು ಕೇಳಬಹುದಿತ್ತು. ಹೆಸರಿನಲ್ಲಿ ಕ್ರಿಮಿನಲ್ ಇದ್ದರೂ ಇದು ಸಿವಿಲ್ ದಾವೆ. ಪತ್ರಿಕೆಗಳಿಗಂತೂ ಹಬ್ಬ. 'ಕ್ರಿಮ್ ಕಾನ್' ಅಂತ ಅಡ್ಡಹೆಸರೇ ಬಿತ್ತು.

1836ರಲ್ಲಿ ಈ ಕೇಸು ಪ್ರಧಾನಿ ಲಾರ್ಡ್ ಮೆಲ್ಬರ್ನ್ ಮೇಲೇ ಬಂತು. ಹಾಕಿದವರು ಜಾರ್ಜ್ ನಾರ್ಟನ್, ಕೇಳಿದ್ದು 10,000 ಪೌಂಡ್. ಆರೋಪ ಹೆಂಡತಿ ಕ್ಯಾರೊಲಿನ್ ಜೊತೆಗಿನ ಸಂಬಂಧದ್ದು. ವರದಿಗೆ ಹೋದ ಪತ್ರಕರ್ತರಲ್ಲಿ, ಮುಂದೆ ಕಾದಂಬರಿಕಾರರಾಗಿ ಹೆಸರಾದ ಯುವಕ ಚಾರ್ಲ್ಸ್ ಡಿಕನ್ಸ್ ಕೂಡ ಇದ್ದರು. ಕೋರ್ಟಿನಲ್ಲಿ ಮನೆಯ ಆಳುಗಳನ್ನು ಕರೆಸಿ, ಯಾರು ಎಷ್ಟು ಹೊತ್ತಿಗೆ ಬಂದರು ಅಂತೆಲ್ಲ ವಕೀಲರು ಕೇಳಿದರು. ಜ್ಯೂರಿಯವರು ಕೂತಲ್ಲಿಂದ ಏಳದೆಯೇ ಮೆಲ್ಬರ್ನ್ ಪರ ತೀರ್ಪು ಕೊಟ್ಟರು. ಆದರೆ ಕ್ಯಾರೊಲಿನ್? ಇಂಥ ದಾವೆಯಲ್ಲಿ ಹೆಂಡತಿ ಕಕ್ಷಿದಾರಳೂ ಅಲ್ಲ, ಸಾಕ್ಷಿಯೂ ಅಲ್ಲ. ತನ್ನ ಮಾನದ ಪ್ರಶ್ನೆಯಿದ್ದ ಕಾನ್ವರ್ಸೇಷನ್ ಕೇಸಿನಲ್ಲಿ ಆಕೆ ಬಾಯಿ ಬಿಡುವಂತಿರಲಿಲ್ಲ! ಗಂಡ ಮಕ್ಕಳನ್ನೂ ಅವರಿಂದ ದೂರ ಮಾಡಿದ. ಕ್ಯಾರೊಲಿನ್ ಸುಮ್ನೆ ಕೂರಲಿಲ್ಲ, ಲೇಖನಿ ಹಿಡಿದರು. ಎಳೆಯ ಮಕ್ಕಳ ಮೇಲೆ ತಾಯಿಗೂ ಒಂದಿಷ್ಟು ಹಕ್ಕು ಕೊಟ್ಟ 1839ರ ಕಾನೂನಿನ ಹಿಂದೆ ಅವರ ಬರಹಗಳ ಬಲ ಇತ್ತು.

ಇಂಗ್ಲೆಂಡ್ 1857ರಲ್ಲಿ ಈ ದಾವೆಯನ್ನು ರದ್ದು ಮಾಡಿತು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಈಗಲೂ ಇದೇ ಹೆಸರಿನಲ್ಲಿ ದಾವೆ ಹೂಡಬಹುದು. ಅಲ್ಲಿ ಈಗ ಹೆಂಡತಿಯೂ ಹೂಡಬಹುದು.