ಸರ್ಕಾರ ಗೊತ್ತುಮಾಡುವ ಮೂರು ಕೂಲಿ: ಬಜೆಟ್ ಓದುವವರಿಗೆ ಕೆಲವು ಲೆಕ್ಕಗಳು

ಎಲ್ಲರಿಗೂ ನಮಸ್ಕಾರ.

ರಾಜ್ಯ ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಗಳಲ್ಲಿ ಉದ್ಯೋಗದ ಸುದ್ದಿ ಹುಡುಕಿದರೆ ಕೌಶಲ ತರಬೇತಿ, ಹೂಡಿಕೆ ಒಪ್ಪಂದ, ಹೊಸ ಕೈಗಾರಿಕಾ ಪ್ರದೇಶ ಇಷ್ಟೇ ಸಿಗುತ್ತವೆ. ಆದರೆ ಸರ್ಕಾರ ನೇರವಾಗಿ ಜನರ ಸಂಪಾದನೆ ತೀರ್ಮಾನಿಸುವುದು ಬೇರೆ ಮೂರು ಕಡೆ: ತನ್ನ ನೌಕರರ ಸಂಬಳದಲ್ಲಿ, ಗೌರವಧನ ಮತ್ತು ಹೊರಗುತ್ತಿಗೆಯಲ್ಲಿ, ಖಾಸಗಿಯವರು ಕೊಡಬೇಕಾದ ಕನಿಷ್ಠ ವೇತನದ ಅಧಿಸೂಚನೆಯಲ್ಲಿ. ಮೊದಲನೆಯದು ಬಜೆಟ್ಟಿನಲ್ಲಿ ಢಾಳಾಗಿ ಕಾಣುತ್ತದೆ. ಎರಡನೆಯದನ್ನು ಹುಡುಕಬೇಕು. ಮೂರನೆಯದು ಬಜೆಟ್ಟಿನಲ್ಲಿ ಇರುವುದೇ ಇಲ್ಲ, ಏಕೆಂದರೆ ಅದಕ್ಕೆ ಖಜಾನೆಯಿಂದ ಹೆಚ್ಚೇನೂ ಹೋಗುವುದಿಲ್ಲ.

ಮೊದಲು ಒಟ್ಟು ಚಿತ್ರ. ಕರ್ನಾಟಕದ 2025-26ರ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ರಾಜಸ್ವ ಕೊರತೆ (ದಿನನಿತ್ಯದ ಖರ್ಚು ಆದಾಯವನ್ನು ಮೀರಿದ್ದು) 19,262 ಕೋಟಿ, ವಿತ್ತೀಯ ಕೊರತೆ (ಸಾಲದಿಂದ ತುಂಬಬೇಕಾದ ಒಟ್ಟು ಕೊರತೆ) 90,428 ಕೋಟಿ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 2.95, ಒಟ್ಟು ಹೊಣೆಗಾರಿಕೆ (ತೀರಿಸಬೇಕಾದ ಸಾಲ) ಶೇ 24.91. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಹಾಕಿರುವ ಗೆರೆಗಳು ಕ್ರಮವಾಗಿ ಶೇ 3 ಮತ್ತು ಶೇ 25. ಎರಡರಲ್ಲೂ ಕೂದಲೆಳೆಯ ಅಂತರ. ಆ ಗೆರೆಗಳಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದು ಬಜೆಟ್ ಕಟ್ಟಿದ್ದಾರೆ ಎಂದೇ ನನಗನ್ನಿಸುತ್ತದೆ. ಹಾಗೆ ಕಟ್ಟಿದಾಗ, ಒಮ್ಮೆ ಕೊಟ್ಟರೆ ಹಿಂತೆಗೆಯಲಾಗದ ಖರ್ಚನ್ನು ಹಣಕಾಸು ಇಲಾಖೆ ಅನುಮಾನದಿಂದ ನೋಡುತ್ತದೆ. ಕಾಯಂ ಹುದ್ದೆ ಅಂಥ ಖರ್ಚು.

ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಯಿತು. ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಇದರಿಂದ ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ ಎಂದು ಸರ್ಕಾರವೇ ಹೇಳಿತು. ಇದನ್ನು ರಾಜಸ್ವ ಕೊರತೆಯ ಪಕ್ಕದಲ್ಲಿಟ್ಟು ನೋಡಿ, ಹೊರೆಯ ಅಳತೆ ತಿಳಿಯುತ್ತದೆ. ಆದರೆ ಈ ಹೊರೆಯಿಂದಲೇ ಕೊರತೆಯಾಯಿತು ಎಂದು ಹೇಳಿಬಿಡಬೇಡಿ. ಗ್ಯಾರಂಟಿ ಯೋಜನೆಗಳಿಗೆ 2025-26ರಲ್ಲೇ ಸುಮಾರು 51 ಸಾವಿರ ಕೋಟಿ ಇಟ್ಟಿದ್ದಾರೆ. ಕೊರತೆಗೆ ಯಾವ ಒಂದು ಬಾಬ್ತನ್ನೂ ಕಾರಣ ಮಾಡಲು ಬರುವುದಿಲ್ಲ.

ಸಂಬಳದ ಹಣ ಎಲ್ಲಿದೆ ಎಂದು ಹುಡುಕುವಾಗ ಆಗುವ ತಪ್ಪು ಒಂದೇ ಬಗೆಯದು. 'ಕಾರ್ಮಿಕ ಮತ್ತು ಉದ್ಯೋಗ' ಎಂಬ ಪ್ರಧಾನ ಲೆಕ್ಕ ಶೀರ್ಷಿಕೆ (ಬಜೆಟ್ಟಿನಲ್ಲಿ ಖರ್ಚಿನ ಬಾಬ್ತಿಗೆ ಕೊಡುವ ಸಂಖ್ಯೆ) 2230 ತೆರೆದು, ಇಷ್ಟೇನಾ ಎನ್ನುತ್ತಾರೆ. ಶಿಕ್ಷಕರು 2202ರಲ್ಲಿ, ಆಸ್ಪತ್ರೆ ಸಿಬ್ಬಂದಿ 2210ರಲ್ಲಿ, ಅಂಗನವಾಡಿಯವರು 2235ರಲ್ಲಿ, ನಿವೃತ್ತರು 2071ರಲ್ಲಿ ಇದ್ದಾರೆ. ಸಂಖ್ಯೆ 2 ಅಥವಾ 3ರಿಂದ ಶುರುವಾದರೆ ರಾಜಸ್ವ ವೆಚ್ಚ, 4 ಅಥವಾ 5 ಆದರೆ ಬಂಡವಾಳ ವೆಚ್ಚ, 6 ಅಥವಾ 7 ಆದರೆ ಸರ್ಕಾರ ಕೊಟ್ಟ ಸಾಲ. ಜಿಲ್ಲಾ ಪಂಚಾಯಿತಿಯ ಮೂಲಕ ಹೋಗುವ ಸಂಬಳ ಇಲಾಖೆಯ ಪುಟದಲ್ಲಿ ಬಿಡಿಯಾಗಿ ಕಾಣುವುದಿಲ್ಲ. ಅದಕ್ಕೆ ಲಿಂಕ್ ಡಾಕ್ಯುಮೆಂಟ್ (ಪಂಚಾಯಿತಿಗಳಿಗೆ ಹೋಗುವ ಹಣದ ವಿವರವಿರುವ ಪ್ರತ್ಯೇಕ ಬಜೆಟ್ ಪುಸ್ತಕ) ತೆರೆಯಬೇಕು. ಅದನ್ನು ಬಿಟ್ಟರೆ ನಿಮ್ಮ ಮೊತ್ತದಿಂದ ಪ್ರಾಥಮಿಕ ಶಾಲೆಯ ಮೇಷ್ಟರುಗಳೇ ಮಾಯ.

ಇನ್ನೊಂದು ಎಚ್ಚರಿಕೆ. ಬಜೆಟ್ ಪುಸ್ತಕದಲ್ಲಿ ಹಿಂದಿನ ವರ್ಷದ ಲೆಕ್ಕ (ನಿಜಕ್ಕೂ ಖರ್ಚಾದದ್ದು), ನಡೆಯುತ್ತಿರುವ ವರ್ಷದ ಅಂದಾಜು ಮತ್ತು ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು ಒಟ್ಟಿಗೆ ಇರುತ್ತವೆ. ಅಂದಾಜನ್ನು ಅಂದಾಜಿನೊಂದಿಗೆ, ಲೆಕ್ಕವನ್ನು ಲೆಕ್ಕದೊಂದಿಗೆ ಮಾತ್ರ ಹೋಲಿಸಿ. ಹುದ್ದೆ ತುಂಬುತ್ತೇವೆಂದು ಸಂಬಳಕ್ಕೆ ಹಣ ಇಟ್ಟು, ನೇಮಕಾತಿ ನಡೆಯದೆ ಅದು ಉಳಿದಿದ್ದರೆ ಗೊತ್ತಾಗುವುದು ಲೆಕ್ಕದ ಅಂಕಣದಲ್ಲೇ.

ಈಗ ಎರಡನೇ ಕೂಲಿ. ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಗೌರವಧನ. ಅದಕ್ಕೆ ವೇತನ ಆಯೋಗವಿಲ್ಲ, ತುಟ್ಟಿಭತ್ಯೆಯಿಲ್ಲ. ಬಜೆಟ್ ಭಾಷಣದಲ್ಲಿ ಘೋಷಣೆಯಾದರೆ ಉಂಟು. 2025-26ರಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ರೂಪಾಯಿ ಏರಿತು.

ಹೊರಗುತ್ತಿಗೆಯ ಬಿಲ್ ಒಂದನ್ನು ಬಿಚ್ಚಿ ನೋಡೋಣ. ತಿಂಗಳ ಕೂಲಿ 15,000 ಎಂದಿಟ್ಟುಕೊಳ್ಳಿ. ಮಾಲೀಕರ ಪಾಲಿನ ಭವಿಷ್ಯನಿಧಿ, ಅದರ ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಶೇ 13, ಅಂದರೆ 1,950. ಇಎಸ್‌ಐ (ನೌಕರರ ರಾಜ್ಯ ವಿಮೆ) ಶೇ 3.25, ಅಂದರೆ 487.50. ಒಟ್ಟು 17,437.50. ಜಿಎಸ್‌ಟಿ ವಿನಾಯಿತಿ ಇಲ್ಲದ ಕೆಲಸವಾದರೆ ಶೇ 18 ಸೇರಿ 20,576. ಏಜೆನ್ಸಿಯ ಸೇವಾ ಶುಲ್ಕ ಇದರ ಮೇಲೆ. ಇತ್ತ ಕೆಲಸಗಾರನ ಕೂಲಿಯಲ್ಲಿ ಭವಿಷ್ಯನಿಧಿಗೆ 1,800, ಇಎಸ್‌ಐಗೆ 112.50 ಕಡಿತವಾಗಿ ಕೈಗೆ ಬರುವುದು 13,087.50. ಇಲಾಖೆ ಕಟ್ಟುವುದಕ್ಕೂ ಕೈಗೆ ಸಿಗುವುದಕ್ಕೂ ಏಳೂವರೆ ಸಾವಿರದಷ್ಟು ವ್ಯತ್ಯಾಸ. ಜಿಎಸ್‌ಟಿಯಲ್ಲಿ ಅರ್ಧ ರಾಜ್ಯಕ್ಕೇ ವಾಪಸ್ ಬರುತ್ತದೆ ನಿಜ, ಭವಿಷ್ಯನಿಧಿ ಕೆಲಸಗಾರನದೇ ಹಣವೂ ಹೌದು, ಅದು ಅವನ ಖಾತೆಗೆ ಜಮೆಯಾದರೆ. ತಪ್ಪುವುದು ಇಲ್ಲೇ. ಬಿಲ್ ಜೊತೆ ಹಿಂದಿನ ತಿಂಗಳ ಇಸಿಆರ್ ಚಲನ್ (ಯಾರ ಖಾತೆಗೆ ಎಷ್ಟು ಭವಿಷ್ಯನಿಧಿ ಕಟ್ಟಿದೆ ಎಂಬ ಹೆಸರುವಾರು ಪಟ್ಟಿ ಮತ್ತು ರಸೀದಿ) ಇದೆಯೇ, ಅದರಲ್ಲಿ ಈ ಹೆಸರುಗಳೇ ಇವೆಯೇ ಎಂದು ನೋಡದೆ ಹಣ ಬಿಡುಗಡೆ ಮಾಡಿದರೆ, ಕಾಗದದ ಮೇಲೆ ಭವಿಷ್ಯನಿಧಿ, ಖಾತೆಯಲ್ಲಿ ಸೊನ್ನೆ. ಈ ಖರ್ಚು ಸಂಬಳದ ಬಾಬ್ತಿನಲ್ಲಿ ಬರುವುದಿಲ್ಲವಾದ್ದರಿಂದ ಸಂಬಳದ ಪಾಲು ಇಳಿದಂತೆಯೂ ಕಾಣುತ್ತದೆ.

ಮೂರನೆಯದು ಕನಿಷ್ಠ ವೇತನ. 1957ರ ಹದಿನೈದನೇ ಭಾರತೀಯ ಕಾರ್ಮಿಕ ಸಮ್ಮೇಳನದ ಸೂತ್ರ ಇಂದಿಗೂ ಆಧಾರ. ದುಡಿಯುವವರಿಗೆ 1, ಸಂಗಾತಿಗೆ 0.8, ಎರಡು ಮಕ್ಕಳಿಗೆ ತಲಾ 0.6, ಒಟ್ಟು ಮೂರು ಬಳಕೆ ಘಟಕ. ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ. ಉರುವಲು, ದೀಪ ಮೊದಲಾದವಕ್ಕೆ ಒಟ್ಟು ವೇತನದ ಶೇ 20. ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮಕ್ಕಳ ಓದು, ಔಷಧ, ಹಬ್ಬ, ಮುಪ್ಪಿನ ಕಾಲ ಇತ್ಯಾದಿಗೆ ಇನ್ನೂ ಶೇ 25 ಸೇರಿಸಿತು.

ಈ ಎರಡೂ ಶೇಕಡಾವಾರುಗಳು *ಒಟ್ಟು ವೇತನದ* ಪಾಲು. ಅಂದರೆ ಊಟ, ಬಟ್ಟೆ, ಬಾಡಿಗೆ ಉಳಿದ ಶೇ 55. ಈ ಮೂರಕ್ಕೆ 10,000 ಬೇಕಾದರೆ ವೇತನ 10,000 ಭಾಗಿಸು 0.55, ಅಂದರೆ 18,182. ಬಹಳಷ್ಟು ಮಂದಿ 10,000ಕ್ಕೆ ಶೇ 45 ಕೂಡಿಸಿ 14,500 ಎಂದುಬಿಡುತ್ತಾರೆ. ಒಂದು ಗುಣಾಕಾರದಲ್ಲಿ ತಿಂಗಳಿಗೆ 3,682 ರೂಪಾಯಿ ಹೋಯಿತು. ಯಾವುದೇ ಕರಡು ಅಧಿಸೂಚನೆ ಬಂದಾಗ ಮೊದಲು ನೋಡಬೇಕಾದ್ದು ಇದನ್ನು; ಆಮೇಲೆ, ಅಕ್ಕಿ-ಬೇಳೆಯ ದರ ಎಲ್ಲಿಂದ, ಯಾವ ತಿಂಗಳಿಂದ ತಂದಿದ್ದಾರೆ ಎಂಬುದನ್ನು. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಯಲ್ಲಿದೆ. ಕನಿಷ್ಠ ವೇತನ ಈಗ ಅನುಸೂಚಿತ (ಸರ್ಕಾರದ ಪಟ್ಟಿಯಲ್ಲಿರುವ) ಉದ್ದಿಮೆಗಳಿಗಷ್ಟೇ ಸೀಮಿತವಲ್ಲ, ಕೇಂದ್ರ ಹಾಕುವ ತಳಮಟ್ಟದ ವೇತನಕ್ಕಿಂತ ರಾಜ್ಯ ಕೆಳಗಿಳಿಯುವಂತೆಯೂ ಇಲ್ಲ. ಐದು ವರ್ಷಕ್ಕೊಮ್ಮೆಯಾದರೂ ಪರಿಷ್ಕರಣೆ ಎಂಬ ನಿಯಮ ಉಳಿದಿದೆ.

ನರೇಗಾ ಕೂಲಿಯ ಮೇಲೆ ರಾಜ್ಯಕ್ಕೆ ಈ ಹಿಡಿತವೂ ಇರಲಿಲ್ಲ. ಕರ್ನಾಟಕದ ದರ 2024-25ರಲ್ಲಿ 349, 2025-26ರಲ್ಲಿ 370 ರೂಪಾಯಿ, ಅಧಿಸೂಚನೆ ದೆಹಲಿಯದು. ರಾಜ್ಯದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು ನಮ್ಮ ಹೈಕೋರ್ಟ್ 2011ರಲ್ಲೇ ಹೇಳಿತ್ತು.

ಕೊನೆಗೆ, ಇದೆಲ್ಲದರ ಫಲ ಅಳೆಯುವುದು ಹೇಗೆ? ಪಿಎಲ್‌ಎಫ್‌ಎಸ್ ಎಂಬ ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆ ಇದೆ. ದೇಶದಲ್ಲಿ 15 ವರ್ಷ ದಾಟಿದವರ ನಿರುದ್ಯೋಗ 2017-18ರ ಶೇ 6ರಿಂದ 2023-24ರಲ್ಲಿ ಶೇ 3.2ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಸ್ವಯಂ ಉದ್ಯೋಗಿಗಳ ಪಾಲು ಶೇ 52.2ರಿಂದ 58.4ಕ್ಕೆ ಏರಿತು, ತಿಂಗಳ ಸಂಬಳದವರದು 22.8ರಿಂದ 21.7ಕ್ಕೆ ಇಳಿಯಿತು. ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ಕೂರುವ ಹೆಂಗಸೂ ಇಲ್ಲಿ ಉದ್ಯೋಗಿಯೇ. ಹಾಗಾಗಿ ನಿರುದ್ಯೋಗ ದರವೊಂದನ್ನೇ ಹಿಡಿದು ಮಾತಾಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಈ ದತ್ತಾಂಶ ಇಳಿಸಿಕೊಂಡು ಕೂಲಿ ಲೆಕ್ಕ ಹಾಕುವವರು ಗಮನಿಸಿ. ಸಂಬಳದವರಿಗೆ ಕೇಳುವುದು ಹಿಂದಿನ ತಿಂಗಳ ಗಳಿಕೆ, ಸ್ವಂತ ಕಸುಬಿನವರಿಗೆ 30 ದಿನದ್ದು, ದಿನಗೂಲಿಯವರಿಗೆ ಹಿಂದಿನ ಏಳು ದಿನದಲ್ಲಿ ದಿನದಿನದ್ದು. ದಿನಗೂಲಿಯನ್ನು 26ರಿಂದ ಗುಣಿಸಿದರೆ ವಾರದಲ್ಲಿ ಮೂರೇ ದಿನ ಕೆಲಸ ಸಿಕ್ಕವರೂ ತಿಂಗಳಿಡೀ ದುಡಿದವರಾಗಿಬಿಡುತ್ತಾರೆ. ಕೆಲಸ ಸಿಕ್ಕ ದಿನಗಳನ್ನೇ ಎಣಿಸಿ. 2025ರ ಜನವರಿಯಿಂದ ಮಾದರಿಯ ವಿನ್ಯಾಸವೇ ಬದಲಾಗಿ ಜಿಲ್ಲೆಯೇ ಮಾದರಿ ಮನೆಗಳನ್ನು ಆರಿಸುವ ಮೂಲ ಸ್ತರವಾಗಿದೆ. ಹಳೆಯ ಸರಣಿಗೆ ಹೊಸದನ್ನು ಒಂದೇ ಗೆರೆಯಲ್ಲಿ ಜೋಡಿಸಬೇಡಿ. 2024ರವರೆಗಿನ ದತ್ತಾಂಶದಿಂದ ಯಾದಗಿರಿಯ ಕೂಲಿ ಇಷ್ಟು, ಉಡುಪಿಯದು ಇಷ್ಟು ಎಂದು ಯಾರಾದರೂ ಬರೆದಿದ್ದರೆ, ಜಿಲ್ಲೆಗೆ ಎಷ್ಟು ಮನೆಗಳ ಮಾದರಿ ಸಿಕ್ಕಿತ್ತು ಎಂದು ಮೊದಲು ಕೇಳಿ.

ಹೂಡಿಕೆ ಒಪ್ಪಂದದ ಉದ್ಯೋಗಗಳ ಬಗ್ಗೆ ಒಂದೇ ಮಾತು. 2025ರ ಫೆಬ್ರುವರಿಯ ಹೂಡಿಕೆದಾರರ ಸಮಾವೇಶದಲ್ಲಿ ಘೋಷಣೆಯಾದದ್ದು 10.27 ಲಕ್ಷ ಕೋಟಿ ರೂಪಾಯಿ, ಆರು ಲಕ್ಷ ಉದ್ಯೋಗ. ಭಾಗಿಸಿದರೆ ಒಂದು ಉದ್ಯೋಗಕ್ಕೆ 1.71 ಕೋಟಿ. ಇಡೀ ಹೂಡಿಕೆ ಬಂದರೂ ಕೆಲಸಕ್ಕಿಂತ ಯಂತ್ರಕ್ಕೇ ಹೆಚ್ಚು ಹಣ ಹೋಗುವ ಬಗೆಯದು ಅದು. ಆ ಉದ್ಯೋಗಗಳಲ್ಲಿ ಎಷ್ಟು ಕಂಪನಿಯ ಹಾಜರಿ ಪುಸ್ತಕದಲ್ಲಿ, ಎಷ್ಟು ಗುತ್ತಿಗೆದಾರನ ಪುಸ್ತಕದಲ್ಲಿ ಇರುತ್ತವೆ ಎಂಬುದನ್ನು ರಿಯಾಯಿತಿ ಮಂಜೂರು ಮಾಡುವಾಗಲೇ ಬರೆಸಿಕೊಳ್ಳಬೇಕು. ಮಂಜೂರಾದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.