ಅಡ್ವಾನ್ಸ್ ವಾರ್ಸ್: ಸಾವಿರದ ಕಾಲಾಳು, ಹದಿನಾರು ಸಾವಿರದ ಟ್ಯಾಂಕ್

ಎಲ್ಲರಿಗೂ ನಮಸ್ಕಾರ. ಪರದೆ ಮೇಲೆ ಕಾಣ್ತಿರೋದು ಅಡ್ವಾನ್ಸ್ ವಾರ್ಸ್, ಸರದಿ ಪ್ರಕಾರ ಸೈನ್ಯ ನಡೆಸೋ ಯುದ್ಧತಂತ್ರದ ಆಟ. ಗೇಮ್ ಬಾಯ್ ಅಡ್ವಾನ್ಸ್‌ಗೆ ಇಂಟೆಲಿಜೆಂಟ್ ಸಿಸ್ಟಮ್ಸ್ ಮಾಡಿದ್ದು, ನಿಂಟೆಂಡೊ ಹೊರತಂದಿದ್ದು. ಅಮೆರಿಕದ ಅಂಗಡಿಗಳಿಗೆ ಬಂದಿದ್ದು 2001ರ ಸೆಪ್ಟೆಂಬರ್ 10ಕ್ಕೆ. ಮಾರನೇ ದಿನ ಏನಾಯ್ತು ಅಂತ ಹೇಳಬೇಕಾಗಿಲ್ಲ. ಯುದ್ಧದ ಆಟ ಅನ್ನೋ ಕಾರಣಕ್ಕೆ ಉಳಿದ ಕಡೆ ಬಿಡುಗಡೆ ಮುಂದಕ್ಕೆ ಹೋಯ್ತು. ಯುರೋಪಿಗೆ ಬಂದಿದ್ದು 2002ರಲ್ಲಿ. 1988ರಲ್ಲಿ ಫ್ಯಾಮಿಕಾಮ್ ವಾರ್ಸ್ ಅಂತ ಈ ಸರಣಿ ಹುಟ್ಟಿದ್ದೇ ಜಪಾನಿನಲ್ಲಿ, ಆದರೂ ಅಲ್ಲಿಗೆ ಇದು ತಲುಪಿದ್ದು 2004ರಲ್ಲಿ, ಎರಡನೇ ಭಾಗದ ಜೊತೆ ಒಂದೇ ಕಾರ್ಟ್ರಿಡ್ಜ್‌ನಲ್ಲಿ. ತವರಿಗೇ ಕಡೆಗೆ ಹೋದ ಆಟ.

ಕಾರ್ಟೂನ್ ಥರ ಬಣ್ಣ, ಪುಟಾಣಿ ಟ್ಯಾಂಕುಗಳು. ಇದನ್ನ ನೋಡಿ ಮಕ್ಕಳಾಟ ಅಂದ್ಕೋಬೇಡಿ. ಒಳಗಿರೋದು ಪಕ್ಕಾ ಲೆಕ್ಕಾಚಾರ. ಸೋಲೋರಲ್ಲಿ ಹೆಚ್ಚಿನವರು ಸೋಲೋದು ಗುಂಡಿನ ಕೊರತೆಯಿಂದ ಅಲ್ಲ, ದುಡ್ಡು ಎಲ್ಲಿ ಸೋರ್ತಿದೆ ಅಂತ ನೋಡದೇ ಇರೋದ್ರಿಂದ.

ಆದಾಯದಿಂದ ಶುರು ಮಾಡೋಣ. ನಿಮ್ಮ ಬಣ್ಣದಲ್ಲಿರೋ ಪ್ರತಿ ಊರು, ಸೈನ್ಯ ತಯಾರಾಗೋ ಪ್ರತಿ ಬೇಸ್ ದಿನಕ್ಕೆ, ಅಂದ್ರೆ ನಿಮ್ಮ ಪ್ರತಿ ಸರದಿಗೆ, 1,000 ಕೊಡುತ್ತೆ. ಕಾಲಾಳಿನ ಬೆಲೆಯೂ 1,000. ಊರು ಹಿಡಿಯೋಕೆ 20 ಅಂಕ ಕಳೀಬೇಕು, ಕಾಲಾಳು ತನ್ನ ಎಚ್‌ಪಿ (ಉಳಿದಿರೋ ಪ್ರಾಣಬಲ) ಎಷ್ಟಿದೆಯೋ ಅಷ್ಟು ಅಂಕವನ್ನ ದಿನಕ್ಕೆ ಕಳೀತಾನೆ. ಪೂರ್ತಿ 10 ಇದ್ದರೆ ಎರಡು ದಿನ. ಒಂದೇ ಒಂದು ಎಚ್‌ಪಿ ಹೋಗಿ 9 ಆದ್ರೆ 9 ಮತ್ತು 9 ಸೇರಿ 18, ಮೂರನೇ ದಿನ ಬೇಕು. ಅರ್ಧ ಹಿಡಿದು ಜಾಗ ಬಿಟ್ಟರೆ ಮತ್ತೆ 20ರಿಂದ ಶುರು. ಹಾಗಾಗಿ ಶತ್ರು ನಿಮ್ಮ ಊರಿನ ಮೇಲೆ ಕೂತಿದ್ದಾಗ ಅವನನ್ನ ಕೊಲ್ಲಲೇಬೇಕು ಅಂತಿಲ್ಲ, ಒಂದು ಸಣ್ಣ ಏಟು ಕೊಟ್ಟರೂ ಒಂದು ದಿನ ಗೆದ್ದ ಹಾಗೆ.

ಮೊದಲ ಮೂರ್ನಾಲ್ಕು ದಿನ ಕಣ್ಮುಚ್ಚಿ ಕಾಲಾಳುಗಳನ್ನೇ ಮಾಡಿ. ಇಲ್ಲೊಂದು ಸೂಕ್ಷ್ಮ ಇದೆ. ಮೊದಲು ಹುಟ್ಟಿದವನನ್ನ ಪಕ್ಕದ ಊರಿಗೆ ಕಳಿಸಬೇಡಿ, ದೂರದ್ದಕ್ಕೆ ಅಟ್ಟಿ. ಪಕ್ಕದ್ದನ್ನ ನಾಳೆ ಹುಟ್ಟೋನು ನೋಡ್ಕೋತಾನೆ. ಕಾಲಾಳು ದಿನಕ್ಕೆ ಮೂರೇ ಚೌಕ ನಡೆಯೋದು, ಬೆಟ್ಟ ಬಂದ್ರೆ ಅದಕ್ಕೇ ಎರಡು ಹೋಗುತ್ತೆ. ಇನ್ನು ಬೇಸ್ ಮೇಲೆ ಯಾರನ್ನೂ ನಿಲ್ಲಿಸಬೇಡಿ. ಅಲ್ಲಿ ಕಾಲಾಳೋ ಟ್ಯಾಂಕೋ ಯಾವುದೇ ಯೂನಿಟ್ ನಿಂತಿದ್ದರೆ ಆ ಬೇಸ್‌ನಿಂದ ಅವತ್ತು ಏನೂ ಹೊರಡಲ್ಲ.

ಈಗ ಹೊಡೆದಾಟ. ಟ್ಯಾಂಕ್ ಟ್ಯಾಂಕಿಗೆ ಹೊಡೆದರೆ ಮೂಲ ಹಾನಿ 55 ಪರ್ಸೆಂಟ್. ಅದರಿಂದ ನೆಲದ ನಕ್ಷತ್ರಗಳನ್ನ, ಅಂದ್ರೆ ಏಟು ತಿನ್ನೋನು ನಿಂತ ಜಾಗ ಕೊಡೋ ರಕ್ಷಣೆಯನ್ನ, ಕಳೀಬೇಕು. ರಸ್ತೆಗೆ ಸೊನ್ನೆ, ಬಯಲಿಗೆ ಒಂದು, ಕಾಡಿಗೆ ಎರಡು, ಊರಿಗೆ ಮೂರು, ಬೆಟ್ಟಕ್ಕೂ ಹೆಡ್‌ಕ್ವಾರ್ಟರ್ಸ್‌ಗೂ ನಾಲ್ಕು. ಪೂರ್ತಿ ಎಚ್‌ಪಿ ಇರೋ ಯೂನಿಟ್‌ಗೆ ಒಂದೊಂದು ನಕ್ಷತ್ರವೂ ಹತ್ತು ಪರ್ಸೆಂಟ್ ರಕ್ಷಣೆ. ಏಟು ತಿಂದು ಎಚ್‌ಪಿ ಇಳಿದ ಹಾಗೆ ಆ ರಕ್ಷಣೆಯೂ ಇಳಿಯುತ್ತೆ. ಇದಕ್ಕೆ ಮೇಲೆ ಚೂರು ಅದೃಷ್ಟ ಸೇರುತ್ತೆ, ಪರದೆ ತೋರಿಸೋ ಪರ್ಸೆಂಟಿನಲ್ಲಿ ಅದು ಇರಲ್ಲ.

ಈ ಜಾಗ ನೋಡಿ. ನಮ್ಮ ಟ್ಯಾಂಕ್ ರಸ್ತೆಲಿದೆ, ಅವರದ್ದು ಬಯಲಲ್ಲಿ. ಹೊಡೆದ್ವಿ, 49 ಪರ್ಸೆಂಟ್ ಚಿಲ್ಲರೆ. ಅವರದ್ದು 10ರಿಂದ 5 ಅಥವಾ 6ಕ್ಕೆ ಇಳೀತು. ಉಳಿದ ಐದಾರರ ಬಲದಲ್ಲೇ ಅದು ತಿರುಗಿ ಹೊಡೀಬೇಕು, ಹಾಗಾಗಿ ನಮಗೆ ಬೀಳೋದು 30ರ ಆಸುಪಾಸು. ನಾವು 7, ಅವರು 5. ಮೊದಲು ಕೈ ಎತ್ತಿದವನಿಗೆ ಲಾಭ. ಅದೇ ಟ್ಯಾಂಕ್ ಊರಿನ ಮೇಲೆ ಕೂತಿದ್ದರೆ? ನಮ್ಮ ಏಟು 38ಕ್ಕೆ ಇಳಿಯುತ್ತೆ, ಅವರ ಹತ್ತಿರ 6 ಅಥವಾ 7 ಉಳಿಯುತ್ತೆ, ವಾಪಸ್ ಬರೋದೂ ಹೆಚ್ಚುಕಡಿಮೆ ಅಷ್ಟೇ. ಜೊತೆಗೆ ಅವರ ಸರದಿ ಬಂದಾಗ ಆ ಊರು ಟ್ಯಾಂಕಿಗೆ 2 ಎಚ್‌ಪಿ ರಿಪೇರಿನೂ ಮಾಡಿಕೊಡುತ್ತೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು.

ಊರಿನ ಮೇಲೆ ಕೂತ ಟ್ಯಾಂಕಿಗೆ ಮದ್ದು ಆರ್ಟಿಲರಿ, ಅಂದ್ರೆ ಫಿರಂಗಿ. ಬೆಲೆ 6,000, ಟ್ಯಾಂಕಿಗಿಂತ ಒಂದು ಸಾವಿರ ಕಡಿಮೆ. ಟ್ಯಾಂಕಿನ ಮೇಲೆ ಮೂಲ ಹಾನಿ 70, ದೂರದಿಂದ ಹೊಡೆಯೋದ್ರಿಂದ ತಿರುಗಿ ಏಟಿಲ್ಲ. ಗುಂಡು ಹೋಗೋದು ಎರಡು ಅಥವಾ ಮೂರು ಚೌಕ ದೂರಕ್ಕೆ. ಪಕ್ಕಕ್ಕೇ ಬಂದು ನಿಂತವನಿಗೆ ಏನೂ ಮಾಡೋಕಾಗಲ್ಲ, ನಡೆದ ದಿನ ಹೊಡೆಯೋಕೂ ಆಗಲ್ಲ. ಅದಕ್ಕೇ ಮುಂದೆ ಕಾಲಾಳುಗಳ ಸಾಲು, ಅವರ ಬೆನ್ನಿಗೇ ಆರ್ಟಿಲರಿ. ಸಾಲಿಗೆ ತಾಗಿ ನಿಂತ ಶತ್ರು ಆಗ ಸರಿಯಾಗಿ ಎರಡು ಚೌಕ ದೂರದಲ್ಲಿರ್ತಾನೆ. ಯೂನಿಟ್‌ಗಳು ಎದುರಾಳಿಯನ್ನ ದಾಟಿ ಹೋಗೋಕಾಗಲ್ಲ, ಆದ್ರೆ ಸಾಲಿನಲ್ಲಿ ಒಂದು ಚೌಕ ಖಾಲಿ ಬಿಟ್ಟರೂ ಅಲ್ಲಿಂದ ನುಗ್ತಾರೆ. ಬೆಟ್ಟದ ಮೇಲಿನ ಕಾಲಾಳಿಗೆ ಟ್ಯಾಂಕಿನ 75ರ ಏಟು 45 ಆಗುತ್ತೆ. ಅವನು ಸತ್ತರೂ ಹೋಗೋದು ಸಾವಿರ. ಅವನ ಮುಂದೆ ಬಂದು ನಿಂತ ಟ್ಯಾಂಕಿಗೆ ಏಳು ಸಾವಿರ.

ಮೀಡಿಯಮ್ ಟ್ಯಾಂಕ್ ಆಸೆ ಎಲ್ಲರಿಗೂ ಇರುತ್ತೆ. 16,000 ಕೊಟ್ಟರೆ ಸಾಮಾನ್ಯ ಟ್ಯಾಂಕಿಗೆ 85 ಹೊಡೆಯುತ್ತೆ, ತಿರುಗಿ ತಿನ್ನೋದು 15. ಕೇಳೋಕೆ ಭರ್ಜರಿ. ಆದ್ರೆ ಆ ದುಡ್ಡು ಕೂಡಿಡೋಕೆ ಎರಡು ಮೂರು ದಿನ ಬೇಸ್ ಖಾಲಿ ಇಟ್ಟರೆ ಮಧ್ಯದ ಊರುಗಳು ಕೈ ತಪ್ಪುತ್ತವೆ. ರಿಪೇರಿನೂ ಪುಕ್ಕಟೆ ಅಲ್ಲ. ದಿನಕ್ಕೆ ಎರಡು ಎಚ್‌ಪಿ ಅಂದ್ರೆ ಬೆಲೆಯ ಐದನೇ ಒಂದು ಭಾಗ, ಇದಕ್ಕೆ 3,200. ನನ್ನ ಪ್ರಕಾರ ಆದಾಯ ದಿನಕ್ಕೆ ಹನ್ನೆರಡು ಸಾವಿರ ದಾಟೋವರೆಗೆ ಇದರ ತಂಟೆ ಬೇಡ.

ಆಕಾಶದ ವಿಷಯ ಬೇಗ ಮುಗಿಸ್ತೀನಿ. 9,000ದ ಬ್ಯಾಟಲ್ ಕಾಪ್ಟರ್ ಬಂದ ದಿನವೇ 8,000ದ ಒಂದು ಆ್ಯಂಟಿ ಏರ್, ಅಂದ್ರೆ ಹಾರೋದನ್ನ ಹೊಡೆಯೋ ಗಾಡಿ, ತೆಗೀರಿ. ಕಾಪ್ಟರಿಗೆ ಅದರ ಹಾನಿ 120, ಕಾಲಾಳಿಗೂ 105, ಹಾಗಾಗಿ ಸುಮ್ಮನೆ ಕೂರೋ ಯೂನಿಟ್ ಅಲ್ಲ. ಟ್ಯಾಂಕಿಗೆ ಮಾತ್ರ ಮುಖ ಕೊಡಬಾರದು. ಫೈಟರ್, ಬಾಂಬರ್ ನಿಂತಲ್ಲೇ ಇದ್ದರೂ ದಿನಕ್ಕೆ ಐದು ಇಂಧನ ಕುಡಿಯುತ್ತವೆ, ಕಾಪ್ಟರ್ ಎರಡು. ಸೊನ್ನೆ ಆದ್ರೆ ಕೆಳಗೆ ಬೀಳ್ತವೆ. ಊರಿನ ಮೇಲೆ ನಿಲ್ಲಿಸಿದ್ರೆ ಅವಕ್ಕೆ ಏನೂ ಸಿಗಲ್ಲ, ಏರ್‌ಪೋರ್ಟೇ ಬೇಕು.

ಕಮಾಂಡರ್‌ಗಳಲ್ಲಿ ಆ್ಯಂಡಿ ಕಲಿಯೋರಿಗೆ ಒಳ್ಳೆಯವನು, ಅವನ ಪವರ್, ಅಂದ್ರೆ ವಿಶೇಷ ಶಕ್ತಿ, ಎಲ್ಲಾ ಯೂನಿಟ್‌ಗೂ ಎರಡು ಎಚ್‌ಪಿ ವಾಪಸ್ ಕೊಡುತ್ತೆ. ಸ್ಯಾಮಿ ಇದ್ದರೆ ಕಾಲಾಳು ಒಂದೂವರೆ ಪಟ್ಟು ವೇಗದಲ್ಲಿ ಊರು ಹಿಡೀತಾನೆ. ಹತ್ತಿದ್ದಾಗ ಅದರಿಂದ ದೊಡ್ಡ ವ್ಯತ್ಯಾಸ ಇಲ್ಲ, ಹೇಗಿದ್ರೂ ಎರಡೇ ದಿನ. ಆದ್ರೆ 7 ಎಚ್‌ಪಿಗೆ ಇಳಿದವನೂ ಎರಡೇ ದಿನದಲ್ಲಿ ಮುಗಿಸ್ತಾನೆ, ಲಾಭ ಇರೋದು ಅಲ್ಲಿ. ಕ್ಯಾನ್‌ಬೇ ಸೈನ್ಯ ಗಟ್ಟಿ, ಬೆಲೆ ಮಾತ್ರ 20 ಪರ್ಸೆಂಟ್ ಜಾಸ್ತಿ, ಕಾಸಿಗೆ ತಕ್ಕ ಕಜ್ಜಾಯ. ಗ್ರಿಟ್ ಎದುರಿಗಿದ್ದರೆ ಅವನ ಆರ್ಟಿಲರಿ ನಾಲ್ಕು ಚೌಕ ಹೊಡೆಯುತ್ತೆ ಅಂತ ನೆನಪಿಟ್ಟುಕೊಂಡೇ ಟ್ಯಾಂಕ್ ನಿಲ್ಲಿಸಿ.

ಕಂಪ್ಯೂಟರ್‌ಗೆ ಒಂದು ಚಪಲ ಇದೆ, ಎಪಿಸಿ ಕಂಡ್ರೆ ಬಿಡಲ್ಲ. ಗುಂಡು ಹಾರಿಸೋಕೂ ಬಾರದ 5,000ದ ಸಾಗಣೆ ಗಾಡಿ ಅದು. ಕಾಡಿನಲ್ಲೊಂದು ಎಪಿಸಿ ನಿಲ್ಲಿಸಿ, ಸುತ್ತ ಆರ್ಟಿಲರಿ ಇಟ್ಟು ಕಾದರೆ ಶತ್ರು ಟ್ಯಾಂಕ್‌ಗಳು ತಾವಾಗೇ ಬಲೆಗೆ ಬೀಳ್ತವೆ. ಕ್ಯಾಂಪೇನ್ ಗೆಲ್ಲೋಕೆ ಸಾಕು, ಮನುಷ್ಯರ ಹತ್ತಿರ ಈ ಆಟ ನಡೆಯಲ್ಲ.

ಮನುಷ್ಯರ ಜೊತೆ ಆಡೋಕೆ ಲಿಂಕ್ ಕೇಬಲ್ ಬೇಕಂತಿಲ್ಲ. ಒಂದೇ ಗೇಮ್ ಬಾಯ್ ಅನ್ನ ಕೈಯಿಂದ ಕೈಗೆ ಕೊಡ್ತಾ ನಾಲ್ಕು ಜನದವರೆಗೆ ಆಡಬಹುದು. ಒಂದೇ ತೊಂದರೆ, ಎರಡೂ ಕಡೆ ಒಂದೇ ಥರ ಇರೋ ಮ್ಯಾಪ್‌ನಲ್ಲಿ ಮೊದಲ ಸರದಿಯವನು ಯಾವಾಗಲೂ ಅರ್ಧ ಹೆಜ್ಜೆ ಮುಂದಿರ್ತಾನೆ. ಮ್ಯಾಪ್ ಎಡಿಟರ್‌ಗೆ ಹೋಗಿ ಎರಡನೇ ಆಟಗಾರನ ಬೇಸ್ ಪಕ್ಕ ಒಬ್ಬ ಕಾಲಾಳನ್ನ ಮೊದಲೇ ಇಟ್ಟುಬಿಡಿ, ಜಗಳ ತಪ್ಪುತ್ತೆ.